ಖಾಲಿ ಕುರ್ಚಿಗಳ ಲೆಕ್ಕ

ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಆಸನಗಳಿವೆ. ಗೆದ್ದು ಬರುವ ಸಂಸದರು 543. 2023ರಲ್ಲಿ ಭವನ ಉದ್ಘಾಟನೆ ಆದಾಗ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ದಾರಲ್ಲ ಅಂತ ನಕ್ಕಿದ್ದೆ. ಬ್ರಿಟನ್ನಿನಲ್ಲಿ ಇದು ಉಲ್ಟಾ. ಅಲ್ಲಿನ ಕೆಳಮನೆಯಲ್ಲಿ 650 ಸದಸ್ಯರು, ಕೂರಲು ಜಾಗ ಇರುವುದು ಸುಮಾರು 430 ಜನಕ್ಕೆ. ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಸಭಾಂಗಣವನ್ನು ಮತ್ತೆ ಕಟ್ಟುವಾಗಲೂ ಚರ್ಚಿಲ್ ಚಿಕ್ಕದೇ ಇರಲಿ ಅಂತ ಹಠ ಹಿಡಿದರು. ತಡವಾಗಿ ಬಂದವರು ನಿಂತುಕೊಳ್ಳಬೇಕು, ಅಷ್ಟೇ.

ನಮ್ಮಲ್ಲಿ ಲೋಕಸಭೆಯ ಸ್ಥಾನ ಹೆಚ್ಚಿಸುವ ಮಾತೆತ್ತಿದರೆ ಜಗಳ ಶುರುವಾಗುವುದು ರಾಜ್ಯಗಳ ಪಾಲಿನ ಬಗ್ಗೆ. ಅದು ಸುಮ್ನೆ ಜಗಳವಲ್ಲ. ಯಾವ ರಾಜ್ಯಕ್ಕೆ ಎಷ್ಟು ಅನ್ನುವುದು ಇವತ್ತಿಗೂ 1971ರ ಜನಗಣತಿಯ ಲೆಕ್ಕ. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ಸ್ಥಾನ ಕಡಿಮೆಯಾಗಬಾರದು ಅಂತ 1976ರಲ್ಲಿ ಬೀಗ ಹಾಕಿದರು, ಆಮೇಲೆ ಅದನ್ನು 2026ರ ನಂತರದ ಮೊದಲ ಜನಗಣತಿವರೆಗೂ ಮುಂದೂಡಿದರು. ಬರೀ ತಲೆ ಎಣಿಸಿ ಹಂಚಿದರೆ ದಕ್ಷಿಣದವರಿಗೆ ಸರ್ಕಾರದ ಮಾತು ಕೇಳಿದ್ದಕ್ಕೇ ದಂಡ ಬೀಳುತ್ತದೆ.

ಈ ಗದ್ದಲದಲ್ಲಿ ಇನ್ನೊಂದು ಲೆಕ್ಕ ಯಾರ ಕಿವಿಗೂ ಬೀಳುತ್ತಿಲ್ಲ. 1971ರಲ್ಲಿ ಕರ್ನಾಟಕದ ಜನ 2.93 ಕೋಟಿ, 2011ಕ್ಕೆ 6.11 ಕೋಟಿ. ಸಂಸದರು ಮಾತ್ರ 1977ರಿಂದ ಅದೇ 28. 2024ರ ಚುನಾವಣೆಯಲ್ಲಿ ಬೆಂಗಳೂರು ಉತ್ತರದಲ್ಲಿ ಮತದಾರರು 32 ಲಕ್ಷ ದಾಟಿದ್ದರು, ಲಕ್ಷದ್ವೀಪದಲ್ಲಿ 58 ಸಾವಿರವೂ ಇರಲಿಲ್ಲ. ಇಲ್ಲೂ ಒಬ್ಬರೇ ಸಂಸದರು, ಅಲ್ಲೂ ಒಬ್ಬರೇ, ಕ್ಷೇತ್ರದ ಕೆಲಸಕ್ಕೆ ಸಂಸದರ ನಿಧಿಯೂ ವರ್ಷಕ್ಕೆ ತಲಾ 5 ಕೋಟಿ. ದ್ವೀಪದವರಿಗೆ ಜಾಸ್ತಿ ಆಯ್ತು ಅಂತ ನಾನು ಹೇಳುತ್ತಿಲ್ಲ, ಸಮುದ್ರದ ನಡುವೆ ಇರುವವರ ಪರವಾಗಿ ಕೇಳಲು ಒಬ್ಬರಾದರೂ ಬೇಕಲ್ವಾ. ಆದರೆ ಬೆಂಗಳೂರು ಉತ್ತರದಲ್ಲಿರುವ ಹೆಬ್ಬಾಳದ ಮತದಾರನ ಪಾಲಿಗೆ ಆ ನಿಧಿಯಲ್ಲಿ ಬರುವುದು 16 ರೂಪಾಯಿಗಿಂತ ಕಮ್ಮಿ. ಕೇಂದ್ರೀಯ ವಿದ್ಯಾಲಯಕ್ಕೆ ಒಬ್ಬ ಸಂಸದರು ವರ್ಷಕ್ಕೆ 10 ಮಕ್ಕಳನ್ನು ಶಿಫಾರಸು ಮಾಡಬಹುದಿತ್ತು, 2022ರಲ್ಲಿ ಅದನ್ನು ತೆಗೆದರು. ಮನೆ ಮುಂದೆ ಅರ್ಜಿ ಹಿಡಿದು ನಿಂತವರಿಗೆಲ್ಲ ಇಲ್ಲ ಅನ್ನುವ ಫಜೀತಿ ತಪ್ಪಿತು ಅಂತ ಒಳಗೊಳಗೇ ಖುಷಿಪಟ್ಟ ಸಂಸದರೂ ಇದ್ದಿರಬೇಕು!

ನನ್ನ ಕೇಳಿದರೆ ಎಲ್ಲ ರಾಜ್ಯಗಳಿಗೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಲಿ. ಒಂದೂವರೆ ಪಟ್ಟು ಮಾಡಿದರೆ ನಮಗೆ 42, ಉತ್ತರ ಪ್ರದೇಶಕ್ಕೆ 120, ಯಾರ ಪಾಲೂ ಕದಲುವುದಿಲ್ಲ. ಬಿಹಾರದವರು ಒಪ್ಪಲಿಕ್ಕಿಲ್ಲ, ಅಲ್ಲಿ ಒಬ್ಬ ಸಂಸದರ ಹೆಗಲ ಮೇಲೆ ನಮಗಿಂತ ಹೆಚ್ಚು ಜನ ಇದ್ದಾರೆ, ಅದು ಹಾಗೇ ಉಳಿಯುತ್ತದೆ. ಅವರ ಮಾತಿನಲ್ಲೂ ಹುರುಳಿದೆ. ಆದರೂ ಈಗಿರುವುದಕ್ಕಿಂತ ಅವರಿಗೂ ಸಂಸದರು ಒಂದಿಷ್ಟು ಕೈಗೆ ಸಿಗುತ್ತಾರೆ.

ನನ್ನ ಅನುಮಾನ ಬೇರೆ. ಲೋಕಸಭೆಯಲ್ಲಿ ಪ್ರಶ್ನೋತ್ತರಕ್ಕೆ ಇರುವುದು ದಿನಕ್ಕೆ ಒಂದೇ ಗಂಟೆ. ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು 20, ಅವೂ ಚೀಟಿ ಎತ್ತಿದ ಹಾಗೆ ಆರಿಸಿದ್ದು, ಅದರಲ್ಲಿ ಬಾಯಿಮಾತಿನ ಉತ್ತರ ಐದಾರಕ್ಕೆ ಸಿಕ್ಕರೆ ಹೆಚ್ಚು. ಸಂಸದರು ಎಂಟುನೂರು ದಾಟಿದ ಮೇಲೆ ನಮ್ಮ ಹೊಸ 14 ಜನಕ್ಕೆ ಬಾಯಿ ತೆರೆಯುವ ಸರದಿ ಯಾವಾಗ ಬರಬೇಕು? ಅಧಿವೇಶನದ ದಿನಗಳನ್ನೂ ಹೆಚ್ಚಿಸಬೇಕು. ಅದಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ, ಜನಗಣತಿಗೆ ಕಾಯುವುದೂ ಬೇಡ.