ಕಾರನ್ನೇ ನೋಡದ ಮಾಲೀಕ

ಬ್ರಿಟನ್ನಿನಲ್ಲಿ ಕಂತಿನ ಮೇಲೆ ಹಳೇ ಕಾರು ಕೊಳ್ಳುವವರ ಸೌಭಾಗ್ಯ ನೋಡಿ. ಕಾರು ತೋರಿಸಿದವನು ಡೀಲರ್. ಬಾನೆಟ್ ಎತ್ತಿ, ಏನೋ ಗೊತ್ತಿದ್ದವರಂತೆ ತಲೆಯಾಡಿಸಿದವರು ನೀವು. ಚೌಕಾಸಿ ನಡೆದದ್ದೂ ನಿಮ್ಮಿಬ್ಬರ ನಡುವೆಯೇ. ಆದರೆ ಕಾನೂನಿನ ಕಣ್ಣಿಗೆ ಆತ ನಿಮಗೆ ಏನನ್ನೂ ಮಾರಿಲ್ಲ. ಹೈರ್ ಪರ್ಚೇಸ್ ಆಗಲಿ, ಅದರ ತಮ್ಮ ಪಿಸಿಪಿ (ಕಂತು ಚಿಕ್ಕದು, ಕಾರು ಉಳಿಸಿಕೊಳ್ಳಲು ಕೊನೆಗೊಂದು ದೊಡ್ಡ ಮೊತ್ತ) ಆಗಲಿ, ಡೀಲರ್ ಕಾರು ಮಾರುವುದು ಫೈನಾನ್ಸ್ ಕಂಪನಿಗೆ. ಕಂಪನಿ ಅದನ್ನು ನಿಮಗೆ ಬಾಡಿಗೆಗೆ ಕೊಡುತ್ತದೆ. ಕೊನೆಯ ಕಂತು ತೀರುವ ತನಕ ಕಂಪನಿಯೇ ಮಾಲೀಕ. ಕಾರಿನ ಬಣ್ಣ ಯಾವುದೆಂದು ಕೇಳಿದರೆ ಫೈಲು ತೆಗೆಸಬೇಕಾದ ಮಾಲೀಕ! ನಿಮ್ಮ ಹೆಸರಿಗೆ ಬರುವ ನೋಂದಣಿ ಪತ್ರ, ಅಂದರೆ ವಿ5ಸಿ ಲಾಗ್‌ಬುಕ್ಕಿನ ಮೇಲೆ, ಇದು ಒಡೆತನದ ಪುರಾವೆಯಲ್ಲ ಎಂದು ಮುದ್ರಿಸಿಯೇ ಕಳಿಸುತ್ತಾರೆ. ನೀವು ಬರೀ ‘ಕೀಪರ್’. ತೊಳೆಯುವುದು, ವಿಮೆ ಕಟ್ಟುವುದು, ಪಾರ್ಕಿಂಗ್ ದಂಡ ತೆರುವುದು ನಿಮ್ಮ ಪಾಲು.

ಮೂರನೇ ವಾರ ಗೇರ್‌ಬಾಕ್ಸ್ ಗೊರಗೊರ ಎನ್ನುತ್ತದೆ. ಡೀಲರಿಗೆ ಫೋನು ಮಾಡಿದರೆ, “ಅದು ಸವಕಳಿ ಸ್ವಾಮಿ, ಎಂಒಟಿ ಪಾಸಾಗಿತ್ತಲ್ಲ.” ಎಂಒಟಿ ಎಂದರೆ ಬ್ರೇಕು, ದೀಪ, ಟೈರು, ಹೊಗೆ ನೋಡುವ ವಾರ್ಷಿಕ ಪರೀಕ್ಷೆ; ಎಂಜಿನ್, ಕ್ಲಚ್, ಗೇರ್‌ಬಾಕ್ಸುಗಳ ಸ್ಥಿತಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಕಣ್ಣಿನ ಡಾಕ್ಟರ ಚೀಟಿ ತೋರಿಸಿ ಮೂಳೆ ಗಟ್ಟಿಯಿದೆ ಎಂದಂತಾಯಿತು. ಸರಿ, ಫೈನಾನ್ಸ್ ಕಂಪನಿಗೆ ಹಚ್ಚಿ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, “ನಾವು ಬರೀ ದುಡ್ಡು ಕೊಟ್ಟವರು, ಡೀಲರ್ ಹತ್ತಿರ ಮಾತಾಡಿ” ಎನ್ನುತ್ತಾರೆ. ಕಂತು ತಪ್ಪಿದ ದಿನ ಕಾರು ನಮ್ಮದು ಎಂದು ಪತ್ರ ಬರೆಯುವವರೂ ಇವರೇ.

ಕಂಪನಿಯ ನೆನಪಿನ ಶಕ್ತಿ ಕುಂದಿದಾಗ ಕೊಡಬೇಕಾದ ಔಷಧಿ ಎರಡು. ಒಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ. ಕಾರಿನ ವಯಸ್ಸು, ಓಡಿದ ಮೈಲಿ, ಬೆಲೆಗೆ ತಕ್ಕ ಗುಣಮಟ್ಟ ಇರಲೇಬೇಕು ಎನ್ನುವ ಈ ಕಾಯ್ದೆಯಲ್ಲಿ ಹೊಣೆ ಸರಕು ಒದಗಿಸಿದವರದು, ಅಂದರೆ ಕಂಪನಿಯದು. ಇನ್ನೊಂದು 1974ರ ಗ್ರಾಹಕ ಸಾಲ ಕಾಯ್ದೆಯ 56ನೇ ಸೆಕ್ಷನ್. ಒಪ್ಪಂದಕ್ಕೆ ಮುಂಚೆ ಡೀಲರ್ ಆಡಿದ ಮಾತು ಕಂಪನಿಯ ಏಜೆಂಟನಾಗಿ ಆಡಿದ ಮಾತೇ. “ಒಬ್ಬರೇ ಓಡಿಸಿದ ಗಾಡಿ, ಟೈಮಿಂಗ್ ಚೈನ್ ಹೊಸದು” ಎಂದು ಜಾಹೀರಾತಿನಲ್ಲಿ ಬರೆದದ್ದು ಕಂಪನಿಯೇ ಬರೆದಂತೆ. ಆದ್ದರಿಂದ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಹೋದ ಸಂಜೆಯೇ ಜಾಹೀರಾತುಗಳಿಗೆ ಆಯಸ್ಸು ಮುಗಿಯುವುದುಂಟು. (ಕ್ರೆಡಿಟ್ ಕಾರ್ಡಿನಲ್ಲಿ ಅಥವಾ ಡೀಲರ್ ಗೊತ್ತುಮಾಡಿದ ಸಾಲದಲ್ಲಿ ಕೊಂಡವರಿಗೆ ಬೇರೆ ಬಾಗಿಲು: ಅದೇ ಕಾಯ್ದೆಯ 75ನೇ ಸೆಕ್ಷನ್. ಬೆಲೆ 100 ಪೌಂಡ್ ಮೀರಿರಬೇಕು, 30,000 ದಾಟಿರಬಾರದು. ಮುಂಗಡವನ್ನಷ್ಟೇ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೂ ಪೂರ್ತಿ ಬೆಲೆಗೆ ಅನ್ವಯ.)

ಈ ನಾಟಕದ ನಿಜವಾದ ಖಳನಾಯಕ ಕ್ಯಾಲೆಂಡರ್. ಮೊದಲ 30 ದಿನದಲ್ಲಿ, ಕೊಂಡಾಗಲೇ ದೋಷವಿತ್ತೆಂದು ತೋರಿಸಿದರೆ, ಕಾರು ಬೇಡವೆಂದು ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಅದಕ್ಕೇ ಡೀಲರಿಗೆ ಈ 30 ದಿನಗಳಲ್ಲಿ ಎಲ್ಲಿಲ್ಲದ ಪ್ರೀತಿ. “ಸೋಮವಾರ ತನ್ನಿ”, “ಮೆಕ್ಯಾನಿಕ್ ರಜೆಯಲ್ಲಿದ್ದಾನೆ”, “ಸೆನ್ಸರ್ ಆರ್ಡರ್ ಮಾಡಿದ್ದೇವೆ”: ನಾಳೆ ಬಾ ಎಂದು ಬಾಗಿಲ ಮೇಲೆ ಬರೆದು ದೆವ್ವ ಓಡಿಸಿದ ಹಾಗೆ ಗಿರಾಕಿಯನ್ನೂ ಓಡಿಸುವ ಕಲೆ. 31ನೇ ದಿನ ಸೆನ್ಸರ್ ಬರುತ್ತದೆ. ಆಮೇಲೆ ಒಂದು ರಿಪೇರಿಗೆ ಅವಕಾಶ ಕೊಡಲೇಬೇಕು. ಅದೂ ಕೆಟ್ಟರೆ ಹಿಂದಿರುಗಿಸುವ ಹಕ್ಕು ಮತ್ತೆ ಹುಟ್ಟುತ್ತದೆ, ಆದರೆ ನೀವು ಓಡಿಸಿದ್ದಕ್ಕೆಂದು ಒಂದಿಷ್ಟು ಕಡಿತ. 30 ದಿನದೊಳಗೇ ರಿಪೇರಿಗೆ ಒಪ್ಪಿದರೆ ಕಾರು ಮರಳುವ ತನಕ ಎಣಿಕೆ ನಿಲ್ಲುತ್ತದೆ, ಮರಳಿದ ಮೇಲೆ ಕನಿಷ್ಠ 7 ದಿನ ಸಿಗುತ್ತದೆ. ಇದನ್ನು ಡೀಲರ್ ಹೇಳುವುದಿಲ್ಲ. ಹಾಗಾಗಿ ಬಿಟ್ಟ ದಿನ, ತಂದ ದಿನ, ಎರಡೂ ದಿನದ ಓಡೋಮೀಟರ್ ಫೋಟೊ, ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷಗಳ ಸಂಕೇತ ಅಂದರೆ ಫಾಲ್ಟ್ ಕೋಡುಗಳ ಪ್ರಿಂಟು, ಇಷ್ಟನ್ನೂ ಇಮೇಲಿನಲ್ಲಿ ಕಂಪನಿಗೇ ಕಳಿಸಿ. ಡೀಲರಿಗೆ ನಕಲು ಸಾಕು. ಕೋಡು ಓದಿಸದೆ ಗ್ಯಾರೇಜಿಗೆ ಬಿಟ್ಟರೆ ಅಲ್ಲಿ ಅದನ್ನು ಅಳಿಸಿ, ಎಚ್ಚರಿಕೆಯ ದೀಪ ಆರಿದ್ದನ್ನೇ ರಿಪೇರಿ ಎನ್ನುವುದುಂಟು.

ಆರು ತಿಂಗಳೊಳಗೆ ರಿಪೇರಿ ಕೇಳಿದರೆ, ದೋಷ ಮೊದಲೇ ಇತ್ತೆಂಬ ಊಹೆ ನಿಮ್ಮ ಪರ. ದಾಟಿತೋ, ಸಾಬೀತು ಮಾಡುವುದು ನಿಮ್ಮ ತಲೆಗೆ. ಸ್ವತಂತ್ರ ಎಂಜಿನಿಯರಿಂದ ವರದಿ ಬರೆಸಬೇಕು. “ಕ್ಲಚ್ ಕೆಟ್ಟಿದೆ” ಎಂಬ ವರದಿ ಪೈಸೆಗೂ ಬಾಳದು. ಕೊಟ್ಟ ದಿನವೇ ದೋಷವಿತ್ತೇ, ಅಥವಾ ಇಷ್ಟು ಬೇಗ ಕೆಡಬಾರದಿತ್ತೇ, ಎಂಬುದಕ್ಕೆ ಅದರಲ್ಲಿ ಉತ್ತರವಿರಬೇಕು.

ಸಿಟ್ಟಿನಲ್ಲಿ ಕಂತು ನಿಲ್ಲಿಸುವ ವೀರರೂ ಇದ್ದಾರೆ. ಕಂಪನಿ ದೂರನ್ನು ಓದಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಬಾಕಿಯನ್ನು ಮಾತ್ರ ಅದರ ಕಂಪ್ಯೂಟರ್ ಆ ಕೂಡಲೇ ಓದುತ್ತದೆ. ಕ್ರೆಡಿಟ್ ದಾಖಲೆಗೆ ಕಪ್ಪು ಬಿದ್ದರೆ ಮೂಲ ಜಗಳವೇ ಮರೆತುಹೋಗುತ್ತದೆ. ಪ್ರತಿಭಟಿಸುತ್ತಲೇ ಕಟ್ಟುತ್ತಿರಿ. ಇನ್ನೊಂದು ಗುಂಡಿ ‘ಸ್ವಯಂ ಮುಕ್ತಾಯ’, ಅಂದರೆ ಒಪ್ಪಂದವನ್ನು ನೀವಾಗಿಯೇ ನಡುವೆ ಮುಗಿಸುವುದು. ಕಾರು ಬೇಡ ಎಂದರೆ ಈ ಫಾರಂ ನಗುನಗುತ್ತಾ ಕೈಗೆ ಬಂದೀತು. ಅದಕ್ಕೆ ಸಹಿ ಹಾಕಿದರೆ ಒಟ್ಟು ಕಟ್ಟಬೇಕಾದ ಮೊತ್ತದ ಅರ್ಧದವರೆಗೆ ನೀವೇ ತುಂಬಿಕೊಡಬೇಕು. ಕೆಟ್ಟ ಕಾರನ್ನು ಹಿಂದಿರುಗಿಸುವ ಹಕ್ಕೇ ಬೇರೆ, ಇದೇ ಬೇರೆ.

ದೂರಿಗೆ ಅಂತಿಮ ಉತ್ತರ ಕೊಡಲು ಕಂಪನಿಗೆ 8 ವಾರ. ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಹಿಡಿಸದಿದ್ದರೆ, ಇಂಥ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಗ್ರಾಹಕರಿಗೆ ಖರ್ಚಿಲ್ಲ, ಅಂತಿಮ ಪತ್ರದ ದಿನಾಂಕದಿಂದ 6 ತಿಂಗಳ ಗಡುವಿದೆ. ವಿಚಿತ್ರವೆಂದರೆ, “ಒಂಬುಡ್ಸ್‌ಮನ್” ಎಂಬ ಪದ ಇಮೇಲಿನಲ್ಲಿ ಕಾಣಿಸಿದ ಮೇಲೆ ಎಷ್ಟೋ ಕಂಪನಿಗಳಿಗೆ ತಾವೇ ಮಾಲೀಕರೆಂಬುದು ಥಟ್ಟನೆ ನೆನಪಾಗುತ್ತದೆ.

ಕೊನೆಗೆ ಒಪ್ಪಿಗೆ ಪತ್ರ ಬಂತೆನ್ನಿ. ಕಾರು ಒಯ್ಯುವ ಖರ್ಚು ಕಂಪನಿಯದೇ. ಒಂದು ಬೆಳಿಗ್ಗೆ ಕಂಪನಿಯ ಪರವಾಗಿ ಒಬ್ಬ ಟ್ಯಾಬ್ಲೆಟ್ ಹಿಡಿದು ಬರುತ್ತಾನೆ, ಕಾರನ್ನು ಸುತ್ತುತ್ತಾನೆ, ಮೊಣಕಾಲೂರಿ ಟಾರ್ಚು ಬಿಡುತ್ತಾನೆ. ಇಷ್ಟು ತಿಂಗಳಲ್ಲಿ ಮಾಲೀಕರ ಕಣ್ಣು ತಮ್ಮ ಕಾರಿನ ಮೇಲೆ ಬೀಳುವುದು ಇದೇ ಮೊದಲು. ಗೇರ್‌ಬಾಕ್ಸಿನ ಗೊರಗೊರ ಅವನ ಫಾರಂನಲ್ಲಿ ಇಲ್ಲ. ಎಡಗಡೆಯ ಹಿಂದಿನ ಅಲಾಯ್ ವೀಲ್ ಮೇಲೆ ಸಣ್ಣದೊಂದು ಗೀರಿದೆಯಂತೆ. ಫೋಟೊ ತೆಗೆದುಕೊಂಡು, ನಿಮ್ಮಿಂದ ಒಂದು ಸಹಿ ಬೇಕು ಎನ್ನುತ್ತಾನೆ.