ಸ್ಪಷ್ಟನೆ: ಐರನ್ ಮೇಡನ್ ವಿಮಾನ ಬಂದದ್ದು 2007ರಲ್ಲಿ ಅಲ್ಲ

ಬೆಂಗಳೂರಿನ ಅರಮನೆ ಮೈದಾನದ ಕಾರ್ಯಕ್ರಮಕ್ಕೆ 2007ರಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಸಂಗೀತ ತಂಡ ಐರನ್ ಮೇಡನ್ ತನ್ನದೇ ವಿಮಾನದಲ್ಲಿ ಬಂದಿಳಿಯಿತು, ಗಾಯಕ ಬ್ರೂಸ್ ಡಿಕಿನ್ಸನ್ ಅದನ್ನು ಚಲಾಯಿಸಿದರು ಎಂಬ ಸಂದೇಶ ಮಡಿಕೇರಿ, ವಿರಾಜಪೇಟೆಯ ಗುಂಪುಗಳಲ್ಲಿ ಓಡಾಡುತ್ತಿದೆ. ಬರೆದವನು ನಾನೇ. ಅದು ತಪ್ಪು.

2007ರ ಮಾರ್ಚ್ 17ರಂದು ಅವರು ಅಲ್ಲಿ ಹಾಡಿದ್ದು ನಿಜ. ರಾತ್ರಿ ಬಸ್ಸು ಹಿಡಿದು ಹೋಗಿದ್ದ ನನ್ನ ಬಳಿ ಟಿಕೆಟ್ಟಿನ ತುಂಡು ಇನ್ನೂ ಇದೆ. ಎಷ್ಟೋ ಮಳೆಗಾಲದ ಬೂಷ್ಟು ಹಿಡಿದರೂ ದಿನಾಂಕ ಓದಬಹುದು. ವಿಮಾನದ ಕಥೆ ಮಾತ್ರ ಮರುವರ್ಷದ್ದು. ವಾದ್ಯ, ಸಲಕರಣೆ, ಸಿಬ್ಬಂದಿ ಎಲ್ಲವನ್ನೂ ಒಟ್ಟಿಗೆ ಹೊತ್ತೊಯ್ಯುವಂತೆ ಮಾರ್ಪಡಿಸಿದ ಬೋಯಿಂಗ್ 757, ‘ಎಡ್ ಫೋರ್ಸ್ ಒನ್’, ಬಳಕೆಗೆ ಬಂದದ್ದು 2008ರ ವಿಶ್ವ ಪ್ರವಾಸಕ್ಕೆ. ಆ ಪ್ರವಾಸ ಫೆಬ್ರುವರಿ 1ರಂದು ಮುಂಬೈಯಲ್ಲಿ ಆರಂಭವಾಗಿ ಆಸ್ಟ್ರೇಲಿಯಾ, ಜಪಾನ್, ಅಮೆರಿಕ ಖಂಡಗಳತ್ತ ಸಾಗಿತು. ಡಿಕಿನ್ಸನ್ ಪೈಲಟ್ ಎಂಬುದರಲ್ಲಿ ಸಂಶಯವಿಲ್ಲ. ತಂಡದ ಪ್ರವಾಸ ಪಟ್ಟಿಯನ್ನು ನೋಡಿದಾಗ ನನ್ನ ನೆನಪು ಎರಡು ವರ್ಷಗಳನ್ನು ಕಲಸಿದ್ದು ತಿಳಿಯಿತು.

ವಿಮಾನ ಕೊಡಗಿನ ಮೇಲೆ ಹಾರಿತೆಂಬ ಸಾಲನ್ನು ಯಾರೋ ಆಮೇಲೆ ಸೇರಿಸಿದ್ದಾರೆ. ನನ್ನ ಬರಹದಲ್ಲಿ ಅದು ಇರಲಿಲ್ಲ.

ಹಳೆಯ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅಲ್ಲಿಗೇ ಇದನ್ನೂ ಹಾಕಿ.