ಕ್ಯಾರಲ್‌ನ ನಗೆಗವಿತೆಗಳ ಜೊತೆಗೆ ಗಂಭೀರ ಕವಿತೆಗಳನ್ನೂ ಓದಬೇಕೇ?

ಪರ: ಎರಡನ್ನೂ ಒಟ್ಟಿಗೇ ಓದಬೇಕು

ಆಲಿಸಳ ಕಥೆಗಳಿಂದ ಹೆಸರಾದ ಲೂಯಿಸ್ ಕ್ಯಾರಲ್ 1869ರಲ್ಲಿ 'ಫ್ಯಾಂಟಸ್ಮಗೋರಿಯಾ' ಎಂಬ ಕವನ ಸಂಕಲನವನ್ನು ಹೊರತಂದಾಗ ಅದನ್ನು ಎರಡು ಭಾಗ ಮಾಡಿ, ಮೊದಲನೆಯದರಲ್ಲಿ ನಗೆಗವಿತೆಗಳನ್ನೂ ಎರಡನೆಯದರಲ್ಲಿ ಗಂಭೀರ ಕವಿತೆಗಳನ್ನೂ ಇಟ್ಟನು. ಇಂದು ಮೊದಲ ಬಗೆಯವು ಮಾತ್ರ ಜನರ ನಾಲಿಗೆಯ ಮೇಲೆ ಉಳಿದಿವೆ. ಎರಡನೆಯವು ಕಣ್ಣಿಗೆ ಬೀಳುವುದೇ ಅಪರೂಪ. ಇದರಿಂದ ಕವಿಯ ಅರ್ಧ ಮುಖ ಮಾತ್ರ ನಮಗೆ ಕಾಣುತ್ತಿದೆ.

ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್ 'ಲೂಯಿಸ್ ಕ್ಯಾರಲ್' ಎಂಬ ಹೆಸರನ್ನು ಅಚ್ಚಿನಲ್ಲಿ ಮೊದಲು ತೊಟ್ಟದ್ದು ನಗಿಸುವುದಕ್ಕಲ್ಲ, 1856ರಲ್ಲಿ 'ದಿ ಟ್ರೇನ್' ಪತ್ರಿಕೆಯಲ್ಲಿ ಬಂದ 'ಸಾಲಿಟ್ಯೂಡ್' ಎಂಬ ಗಂಭೀರ ಕವಿತೆಗಾಗಿ. ಅದರಲ್ಲಿ ಏಕಾಂತವನ್ನು ಅರಸಿ ಕಾಡಿಗೆ ಬಂದವನೊಬ್ಬ, ಬೇಸಿಗೆಯ ಒಂದೇ ಒಂದು ಹೊಳೆಯುವ ದಿನದ ಮಟ್ಟಿಗೆ ಮತ್ತೆ ಮಗುವಾಗುವುದಾದರೆ ವರ್ಷಗಳು ಕೂಡಿಟ್ಟ ಸಂಪತ್ತನ್ನೆಲ್ಲ ಕೊಟ್ಟುಬಿಡುತ್ತೇನೆ ಎಂದು ಹಂಬಲಿಸುತ್ತಾನೆ. ಈ ಸಾಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಲಿಸಳ ಎರಡನೆಯ ಪುಸ್ತಕದ ಕೊನೆಯ ಕವಿತೆಗೆ ಬನ್ನಿ. ಅದರ 21 ಸಾಲುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಆಲಿಸ್ ಪ್ಲೆಸೆನ್ಸ್ ಲಿಡೆಲ್ ಎಂಬ ಹುಡುಗಿಯ ಪೂರ್ತಿ ಹೆಸರು ಮೂಡುತ್ತದೆ. ಅಕ್ಷರದಾಟ ನಿಜ, ಆದರೆ ಆಟದ ಒಳಗಿರುವುದು 1862ರ ಜುಲೈ 4ರಂದು ದೋಣಿಯಲ್ಲಿ ಆ ಹುಡುಗಿಗೆ ಆಲಿಸಳ ಕಥೆ ಹೇಳಿದ ಮಧ್ಯಾಹ್ನದ ನೆನಪು, ಆ ಬಿಸಿಲು ಮಾಸಿಹೋದ ಕೊರಗು, ಬದುಕು ಕನಸಲ್ಲದೆ ಮತ್ತೇನು ಎಂಬ ಪ್ರಶ್ನೆ. ಇಪ್ಪತ್ತೊಂದರ ಹರೆಯದಲ್ಲಿ 'ಸಾಲಿಟ್ಯೂಡ್' ಬರೆದವನು ಹಂಬಲಿಸಿದ ಬೇಸಿಗೆಯ ದಿನಕ್ಕೆ ಇಲ್ಲಿ ತಾರೀಖೂ ಹೆಸರೂ ದೊರೆತಿವೆ. ಮೊದಲನೆಯದನ್ನು ಓದದವನಿಗೆ ಎರಡನೆಯದು ಬರಿಯ ಜಾಣತನವಾಗಿ ಕಾಣುವ ಅಪಾಯವಿದೆ.

ಸ್ನಾರ್ಕ್ ಎಂಬ ಕಲ್ಪನೆಯ ಪ್ರಾಣಿಯ ಬೇಟೆಯನ್ನು ಹೇಳುವ 'ದಿ ಹಂಟಿಂಗ್ ಆಫ್ ದಿ ಸ್ನಾರ್ಕ್' ಎಂಬ 1876ರ ನೀಳ್ಗವಿತೆಯ ಮಾತೂ ಹೀಗೆಯೇ. ಕ್ಷಯದಿಂದ ನರಳುತ್ತಿದ್ದ ಬಂಧುವೊಬ್ಬನ ಶುಶ್ರೂಷೆಯಲ್ಲಿದ್ದ ದಿನಗಳಲ್ಲಿ, 1874ರ ಜುಲೈ 18ರಂದು, ಗಿಲ್ಡ್‌ಫರ್ಡಿನ ಗುಡ್ಡದ ಮೇಲೆ ನಡೆಯುತ್ತಿದ್ದಾಗ ಕವಿಗೆ ಮೊದಲು ಹೊಳೆದದ್ದು ಅದರ ಕಟ್ಟಕಡೆಯ ಸಾಲು. ಬೇಟೆಗೆ ಹೋದವನು ಸದ್ದಿಲ್ಲದೆ, ಫಕ್ಕನೆ ಇಲ್ಲವಾಗುವ ಕ್ಷಣದ ಸಾಲು ಅದು. ನಗೆಯ ಕವಿತೆ ಸಾವಿನ ಮಗ್ಗುಲಲ್ಲಿ ಹುಟ್ಟಿದ್ದನ್ನು ಮರೆತು ಅದನ್ನು ಓದುವುದು ಹೇಗೆ?

ವಿರೋಧ: ನಗೆಗವಿತೆಗಳೇ ಸಾಕು

ಕವಿ ಗಂಭೀರವಾಗಿ ಯೋಚಿಸಿದನು ಎಂಬುದು ಬೇರೆ, ಗಂಭೀರ ಕವಿತೆಯನ್ನು ಚೆನ್ನಾಗಿ ಬರೆದನು ಎಂಬುದು ಬೇರೆ. 'ಸಾಲಿಟ್ಯೂಡ್' ಕವಿತೆಯ ಕಾಡು, ತೊರೆ, ನಿಟ್ಟುಸಿರು, ಕಣ್ಣೀರು ಎಲ್ಲವೂ ಆ ಕಾಲದ ಇಂಗ್ಲಿಷ್ ಕಾವ್ಯದ ಸಂತೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಸರಕು. ಇಪ್ಪತ್ತೊಂದರ ಯುವಕನೊಬ್ಬ ಮುದುಕನ ದನಿಯಲ್ಲಿ ಬಾಲ್ಯಕ್ಕೆ ಮರುಗುವಾಗ ನನಗೆ ಮರುಕ ಹುಟ್ಟುವುದಿಲ್ಲ. ಆ ದನಿ ಅವನದಲ್ಲ ಎಂದೇ ಅನ್ನಿಸುತ್ತದೆ.

ಅವನದೇ ದನಿ ಕೇಳಬೇಕಾದರೆ ಮೊಸಳೆಯ ಪದ್ಯವನ್ನು ನೋಡಬೇಕು. ಐಸಾಕ್ ವಾಟ್ಸ್ 1715ರಲ್ಲಿ ಮಕ್ಕಳಿಗಾಗಿ ಬರೆದ ಪದ್ಯದಲ್ಲಿ ಜೇನುಹುಳು ದಿನವಿಡೀ ಹೂವಿಂದ ಹೂವಿಗೆ ಹಾರಿ ಜೇನು ಕೂಡಿಸುತ್ತಾ ದುಡಿಮೆಯ ಪಾಠ ಹೇಳುತ್ತದೆ. ಕ್ಯಾರಲ್‌ನ ಅಣಕವಾಡಿನಲ್ಲಿ ಪುಟ್ಟ ಮೊಸಳೆಯೊಂದು ಹೊಳೆಯುವ ಬಾಲವನ್ನು ಇನ್ನಷ್ಟು ಅಂದಗೊಳಿಸುತ್ತದೆ, ಹೊನ್ನಿನ ಹುರುಪೆಗಳ ಮೇಲೆಲ್ಲ ನೈಲ್ ನದಿಯ ನೀರು ಸುರಿದುಕೊಳ್ಳುತ್ತದೆ, ಉಗುರುಗಳನ್ನು ಒಪ್ಪವಾಗಿ ಹರಡಿ, ಮೆಲುನಗೆಯ ದವಡೆ ತೆರೆದು ಚಿಕ್ಕ ಮೀನುಗಳನ್ನು ಒಳಕ್ಕೆ ಬರಮಾಡಿಕೊಳ್ಳುತ್ತದೆ. ಎಂಟೇ ಸಾಲು. ಉಪದೇಶದ ಸಿಹಿಮಾತಿನ ಹಿಂದೆ ಹಲ್ಲುಗಳಿರಬಹುದು ಎಂಬುದು ಇದಕ್ಕಿಂತ ಸ್ವಚ್ಛವಾಗಿ ಹೇಳಲು ಬರುವ ಮಾತಲ್ಲ. ಸಿದ್ಧ ಭಾವನೆಗಳ ಟೊಳ್ಳನ್ನು ಇಷ್ಟು ನಿಖರವಾಗಿ ಬಲ್ಲ ಕವಿ, ಗಂಭೀರನಾದೊಡನೆ ಅದೇ ಟೊಳ್ಳಿಗೆ ತಾನೇ ಬೀಳುತ್ತಾನೆ ಎಂಬುದು ನನ್ನ ನಿಜವಾದ ಬೇಸರ.

ಕವಿಯೂ ಕಡೆಗೆ ಎರಡನ್ನೂ ಬೇರೆ ಮಾಡಿದನಲ್ಲ! 1883ರ 'ರೈಮ್? ಅಂಡ್ ರೀಸನ್?' ಸಂಕಲನದಲ್ಲಿ ನಗೆಗವಿತೆಗಳನ್ನು ಮಾತ್ರ ಮರುಮುದ್ರಿಸಿದನು. ಗಂಭೀರ ಭಾಗ 'ತ್ರೀ ಸನ್‌ಸೆಟ್ಸ್' ಎಂಬ ಹೆಸರಿನಲ್ಲಿ ಹೊರಬಂದದ್ದು ಅವನು ತೀರಿಕೊಂಡ ಮರುತಿಂಗಳು, 1898ರ ಫೆಬ್ರವರಿಯಲ್ಲಿ.

ಜೊತೆಗೆ ಓದುವುದರಿಂದ ಇನ್ನೊಂದು ಕೇಡೂ ಇದೆ. ಪ್ರತಿ ನಗೆಯ ಅಡಿಯಲ್ಲೂ ಕಣ್ಣೀರನ್ನು ಅಗೆದು ತೆಗೆಯುವ ಚಟ ಓದುಗನಿಗೆ ಹತ್ತುತ್ತದೆ. ಸ್ನಾರ್ಕಿನ ಅರ್ಥವೇನೆಂದು ಕೇಳಿದವರಿಗೆ ತಾನು ಅಸಂಬದ್ಧವನ್ನಲ್ಲದೆ ಬೇರೇನನ್ನೂ ಉದ್ದೇಶಿಸಿರಲಿಲ್ಲ ಎಂದೇ ಕ್ಯಾರಲ್ ಬರೆದನು. ಅವನ ಮಾತನ್ನು ನಂಬೋಣ. ಹಾಗೆಂದು ನೋವು ನಮಗೆ ಸಿಗದೆ ಹೋಗುವುದಿಲ್ಲ. 'ಸಿಲ್ವಿ ಅಂಡ್ ಬ್ರೂನೋ' ಕಾದಂಬರಿಯ ಹುಚ್ಚು ತೋಟಗಾರ ಹಾಡುವಂತೆ, ಒಬ್ಬನಿಗೆ ಆನೆಯೊಂದು ಕೊಳಲು ಅಭ್ಯಾಸ ಮಾಡುತ್ತಿರುವಂತೆ ಕಂಡಿತು. ಮತ್ತೊಮ್ಮೆ ನೋಡಿದರೆ ಅದು ಅವನ ಹೆಂಡತಿಯ ಕಾಗದ. ಬದುಕಿನ ಕಹಿ ಈಗ ತಿಳಿಯಿತು ಎಂದನಂತೆ ಅವನು. ಆ ಕಾಗದದಲ್ಲಿ ಏನಿತ್ತೆಂದು ತೋಟಗಾರ ಹೇಳುವುದಿಲ್ಲ, ಮುಂದಿನ ಚರಣಕ್ಕೆ ಹೋಗಿಬಿಡುತ್ತಾನೆ.